ಒಂದೇ ಬೆರಳಲ್ಲಿ ತೋರಿಸಿ: ಓಪಿಡಿಯಲ್ಲಿ ಸೊಂಟ, ಭುಜ, ಮಂಡಿ ನೋವು ನೋಡುವ ಬಗೆ

"ಡಾಕ್ಟ್ರೇ, ಸೊಂಟ ನೋವು." ಇಷ್ಟು ಹೇಳಿ ಸುಮ್ಮನಾಗುತ್ತಾರೆ. ನಮ್ಮ ಮಾತಿನಲ್ಲಿ ಸೊಂಟ ಅಂದರೆ ಬೆನ್ನಿನ ಕೆಳಭಾಗವೂ ಹೌದು, ಪಕ್ಕದ ಮೂಳೆಯೂ ಹೌದು, ಕೆಲವರಿಗೆ ಕುಂಡೆಯೂ ಸೊಂಟವೇ. ಭುಜ ಅಂದರೂ ಅದೇ ಕಥೆ. ಒಬ್ಬರು ಕತ್ತಿನ ಬುಡ ಮುಟ್ಟಿ ತೋರಿಸುತ್ತಾರೆ, ಇನ್ನೊಬ್ಬರು ತೋಳಿನ ಹೊರಭಾಗ ಉಜ್ಜಿಕೊಳ್ಳುತ್ತಾರೆ. ಹಾಗಾಗಿ ಏನನ್ನಾದರೂ ಬರೆದುಕೊಳ್ಳುವ ಮುಂಚೆ "ಎಲ್ಲಿ ಅಂತ ಒಂದೇ ಬೆರಳಲ್ಲಿ ತೋರಿಸಿ" ಅನ್ನಿ. ಬೆರಳು ತೊಡೆಸಂದಿಗೆ ಹೋದರೆ ಹಿಪ್ ಕೀಲು ನೆನಪಿಗೆ ಬರಬೇಕು. ತೊಡೆಯ ಹೊರಗಿನ ಉಬ್ಬು ಮೂಳೆಗೆ ಹೋದರೆ ಅಲ್ಲಿ ಅಂಟಿಕೊಂಡ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಬೆನ್ನಿನ ನಟ್ಟನಡುವೆ ಒಂದೇ ಚುಕ್ಕೆಯ ಮೇಲೆ ನಿಂತರೆ ಸ್ವಲ್ಪ ಹುಷಾರು, ವಯಸ್ಸಾದವರಲ್ಲಿ ಬೆನ್ನುಮೂಳೆಯ ಮಣಿಯೇ ಕುಸಿದಿರಬಹುದು. ಬೆರಳು ಎಲ್ಲೂ ನಿಲ್ಲದೆ ಇಡೀ ಅಂಗೈ ಓಡಾಡಿದರೆ ಹೆಚ್ಚಿನ ಸಲ ಅದು ಮಾಮೂಲಿ ನೋವು, ಇಲ್ಲವೇ ಬೇರೆಲ್ಲಿಂದಲೋ ಹರಿದು ಬಂದ ನೋವು.

ಇದು ಹೊಸದಾಗಿ ಜನರಲ್ ಪ್ರಾಕ್ಟೀಸ್ ಶುರು ಮಾಡಿದವರಿಗೆ, ಒಬ್ಬರೇ ಕೂತು ಉದ್ದ ಸಾಲು ನೋಡುವವರಿಗೆ ಬರೆದದ್ದು. ಕಾಲೇಜಿನಲ್ಲಿ ಮೂಳೆ ಮುರಿತ ಕಲಿಸುತ್ತಾರೆ, ಅಪರೂಪದ ಗೆಡ್ಡೆಗಳ ಹೆಸರು ಬಾಯಿಪಾಠ ಮಾಡಿಸುತ್ತಾರೆ. ಮೂರು ವಾರದಿಂದ ಕತ್ತು ಹಿಡಿದುಕೊಂಡು ಕೂತವರನ್ನು ಏನು ಮಾಡಬೇಕು ಅಂತ ಮಾತ್ರ ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ. ಆಮೇಲೆ ಕೂತಲ್ಲೇ ಚೀಟಿ ಬರೆಯುವ ಅಭ್ಯಾಸ ಬೀಳುತ್ತದೆ: ಒಂದು ನೋವಿನ ಮಾತ್ರೆ, ಒಂದು ಗ್ಯಾಸ್ ಮಾತ್ರೆ, ಒಂದು ಕ್ಯಾಲ್ಸಿಯಂ, ಜೊತೆಗೆ ಒಂದು ಎಂಆರ್‌ಐ. ರೋಗಿಯ ಮೈ ಮುಟ್ಟಿಯೇ ಇರುವುದಿಲ್ಲ. ನಾನೂ ಹಾಗೆ ಮಾಡಿದವನೇ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಕೇಳುವ ಮಾತು

ರೋಗದ ನಿಖರ ಹೆಸರು ಆಮೇಲೆ ನೋಡೋಣ. ಮೊದಲ ಐದು ನಿಮಿಷದಲ್ಲಿ ಗೊತ್ತಾಗಬೇಕಾದದ್ದು ಇಷ್ಟೇ: ಇವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದದ್ದಾ? ಉರಿಯೂತದ ಕಾಯಿಲೆಯಾ, ಅಂದರೆ ಕೆಲವು ವಾರದೊಳಗೆ ರುಮಟಾಲಜಿಯವರು (ಕೀಲುವಾತದ ತಜ್ಞರು) ನೋಡಬೇಕಾದದ್ದಾ? ಇಲ್ಲ, ಭಾರ, ಬಳಕೆ, ವಯಸ್ಸಿನಿಂದ ಬಂದ ಮಾಮೂಲಿ ನೋವಾ? ನಿಮ್ಮ ಮುಂದೆ ಕೂತವರಲ್ಲಿ ಬಹುಪಾಲು ಮೂರನೆಯ ಗುಂಪು. ಅದಕ್ಕೇ ಮೊದಲೆರಡು ಗುಂಪು ಕೈತಪ್ಪಿ ಹೋಗುವುದು.

ಉರಿಯೂತ ಹಿಡಿಯಲು ಒಂದು ಪ್ರಶ್ನೆ ಸಾಕಷ್ಟು ಕೆಲಸ ಮಾಡುತ್ತದೆ. "ಬೆಳಿಗ್ಗೆ ಬಿಗಿತ ಇರುತ್ತಾ" ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. "ಮುಖ ತೊಳೆಯುವಷ್ಟರಲ್ಲಿ ಬಿಡುತ್ತಾ, ತಿಂಡಿ ಮುಗಿದರೂ ಬಿಡಲ್ವಾ?" ಅಂತ ಕೇಳಿ. ಕೀಲು ಸವೆತದ ಬಿಗಿತ 30 ನಿಮಿಷದೊಳಗೆ ಬಿಡುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಕೈಬೆರಳು ಮಡಚಲು ಆಗದೆ ಇದ್ದರೆ, ಎರಡೂ ಕೈ ಒಟ್ಟಿಗೆ ಹಿಡಿದಿದ್ದರೆ, ಬೆರಳಿನ ಬುಡದ ಗೆಣ್ಣುಗಳನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿ ನೋಡಿ. ಮುಖ ಕಿವುಚಿದರೆ ರುಮಟಾಯ್ಡ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿ ಬೀಳುವ ಉರಿಯೂತ) ಇರಬಹುದು. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಬಂತು ಅಂತ ಸುಮ್ಮನಾಗಬೇಡಿ. ಕಾಯಿಲೆ ಇದ್ದೂ ನೆಗೆಟಿವ್ ಬರುವವರು ಬೇಕಾದಷ್ಟಿದ್ದಾರೆ. ಊದಿದ ಕೀಲನ್ನು ಕೈಯಾರೆ ಮುಟ್ಟಿ ನೋಡಿದ್ದೇ ದೊಡ್ಡ ಸಾಕ್ಷಿ. ತಡವಾದಷ್ಟೂ ಕೀಲು ಹಾಳಾಗುವುದರಿಂದ ಇವರನ್ನು ಬೇಗ ಕಳಿಸಿ.

ಎರಡನೆಯದು ರಾತ್ರಿಯ ಮಾತು. ಮಗ್ಗುಲು ಬದಲಿಸುವಾಗ ನೋವಾಗಿ ಎಚ್ಚರವಾಗುವುದು ಬೇರೆ. ಹೇಗೆ ಮಲಗಿದರೂ ಬಿಡದೆ, ದಿನದಿಂದ ದಿನಕ್ಕೆ ಹೆಚ್ಚುತ್ತಾ ಎದ್ದು ಕೂರಿಸುವ ನೋವು ಬೇರೆ, ಇದು ಅಪಾಯದ ಗುರುತು.

ಮೂರನೆಯದು ಪದಗಳ ಗೊಂದಲ. "ಕಾಲಲ್ಲಿ ಶಕ್ತಿ ಇಲ್ಲ" ಅಂದರೆ ಕೆಲವರಿಗೆ ಸುಸ್ತು, ಕೆಲವರಿಗೆ ನೋವಿನಿಂದ ಊರಲು ಹೆದರಿಕೆ, ಕೆಲವರಿಗೆ ಮಾತ್ರ ನಿಜವಾದ ದೌರ್ಬಲ್ಯ. "ಚಪ್ಪಲಿ ಗೊತ್ತಿಲ್ಲದೇ ಜಾರಿ ಹೋಗುತ್ತಾ? ಮೆಟ್ಟಿಲಲ್ಲಿ ಪಾದ ತಗುಲುತ್ತಾ?" ಅಂತ ಕೇಳಿದರೆ ಬೇರ್ಪಡುತ್ತದೆ. ಜೋಮು, ಮರಗಟ್ಟುವುದು, ಉರಿ, ಸೆಳೆತ ಇವುಗಳಲ್ಲಿ ಯಾವುದು ಅಂತ ಅವರ ಬಾಯಿಂದಲೇ ಬರಲಿ, ನೀವು ಪದ ಕೊಡಬೇಡಿ.

ಇನ್ನೊಂದು ಪ್ರಶ್ನೆ ಬಾಕಿ ಇದೆ. "ಇದು ಏನಿರಬಹುದು ಅಂತ ನಿಮಗೆ ಅನಿಸುತ್ತೆ?" ಪಕ್ಕದವರೊಬ್ಬರು ಸೊಂಟ ನೋವು ಅಂತ ಹೋಗಿ ಕ್ಯಾನ್ಸರ್ ಅಂತ ತಿಳಿದು ಬಂದದ್ದು, ಕೆಲಸ ಹೋಗುವ ಭಯ, ಬಗ್ಗಿದರೆ ಬೆನ್ನು ಮುರಿಯುತ್ತೆ ಅನ್ನುವ ನಂಬಿಕೆ, ಇವೆಲ್ಲ ಆಗ ಹೊರಬರುತ್ತವೆ. ನೋವು ತಿಂಗಳುಗಟ್ಟಲೆ ಎಳೆಯುತ್ತದಾ ಇಲ್ಲವಾ ಅನ್ನುವುದನ್ನು ಎಕ್ಸ್‌ರೇಗಿಂತ ಈ ಉತ್ತರವೇ ಎಷ್ಟೋ ಸಲ ಚೆನ್ನಾಗಿ ಹೇಳುತ್ತದೆ. ಬೆನ್ನುನೋವಿಗೆ ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದವರು ಸ್ಟಾರ್ಟ್ ಬ್ಯಾಕ್ ಅನ್ನುವ 9 ಪ್ರಶ್ನೆಗಳ ಹಾಳೆ ಮಾಡಿದ್ದಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಭಯ, ಬೇಸರ, ಚಿಂತೆಯ ಬಗ್ಗೆಯೇ ಇವೆ. ಕಾರಣ ಇಲ್ಲದೆ ಹಾಗೆ ಮಾಡಿಲ್ಲ.

ಬೆನ್ನು

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಿಮ್ಮ ದಿನದಲ್ಲೂ ಇದೇ ಜಾಸ್ತಿ ಬರುವುದು.

ಕಾಡ ಇಕ್ವೈನ ಸಿಂಡ್ರೋಮ್, ಅಂದರೆ ಬೆನ್ನುಹುರಿಯ ತುದಿಯ ನರಗಳ ಗೊಂಚಲು ಒತ್ತಿಕೊಳ್ಳುವುದು, ಅಪರೂಪ. ಆದರೆ ತಪ್ಪಿಸಿಕೊಂಡರೆ ಆ ಮನುಷ್ಯ ಜೀವನಪೂರ್ತಿ ಮೂತ್ರದ ನಳಿಗೆ ಹಾಕಿಕೊಂಡು ಇರಬೇಕಾಗಬಹುದು. ನಾಚಿಕೆ ಪಡದೆ ನೇರವಾಗಿ ಕೇಳಿ: "ಮೂತ್ರ ತುಂಬಿದ್ದು ಗೊತ್ತಾಗುತ್ತಾ? ಹೋಗುವಾಗ ತಡೆಯುತ್ತಾ, ಗೊತ್ತಿಲ್ಲದೇ ಸೋರುತ್ತಾ? ತೊಳೆದುಕೊಳ್ಳುವಾಗ ಅಲ್ಲಿ ಮುಟ್ಟಿದ್ದು ಗೊತ್ತಾಗುತ್ತಾ? ಎರಡೂ ಕಾಲಿಗೆ ನೋವು ಹರಿಯುತ್ತಾ?" ಒಂದಕ್ಕೆ ಅನುಮಾನ ಬಂದರೂ ಅವತ್ತೇ ಎಂಆರ್‌ಐ ಮತ್ತು ಸರ್ಜನ್ ಇರುವ ಕಡೆ ಕಳಿಸಿ. ಅನುಮಾನ ಇಲ್ಲದವರಿಗೂ ಈ ಪ್ರಶ್ನೆಗಳನ್ನು ಹೇಳಿ ಕಳಿಸಿ, ಯಾಕೆಂದರೆ ಇದು ನೀವು ನೋಡಿದ ಮೂರು ದಿನದ ನಂತರವೂ ಶುರುವಾಗಬಹುದು.

ಮಿಕ್ಕ ಅಪಾಯದ ಗುರುತುಗಳು ನಿಮಗೆ ಗೊತ್ತಿರುವವೇ. ಹಿಂದೆ ಕ್ಯಾನ್ಸರ್ ಆಗಿದ್ದು, ಕಾರಣ ಇಲ್ಲದೆ ತೂಕ ಇಳಿದದ್ದು, ಜ್ವರ, ಟಿಬಿ, ತುಂಬ ದಿನ ಸ್ಟಿರಾಯ್ಡ್ ತಿಂದದ್ದು, ಬಿದ್ದದ್ದು. ಆದರೆ ಇವನ್ನು ಪಟ್ಟಿಯ ಹಾಗೆ ಟಿಕ್ ಹಾಕಬೇಡಿ. ಇಂಥ ಒಂದೊಂದೇ ಗುರುತು ಎಷ್ಟೋ ಜನರಲ್ಲಿ ಇರುತ್ತದೆ, ಅವರಿಗೆಲ್ಲ ಏನೂ ಆಗಿರುವುದಿಲ್ಲ. ಎರಡು ಮೂರು ಒಟ್ಟಿಗೆ ಸೇರಿದಾಗ, ಅಥವಾ ಕ್ಯಾನ್ಸರ್ ಆದವರಿಗೆ ಹೊಸದಾಗಿ ನೋವು ಶುರುವಾದಾಗ ಕಿವಿ ನೆಟ್ಟಗಾಗಬೇಕು. ವಯಸ್ಸಾದ ಹೆಂಗಸರು ಸುಮ್ನೆ ಬಕೆಟ್ ಎತ್ತಿದ್ದಕ್ಕೆ ಚಳ್ಳನೆ ನೋವು ಬಂತು ಅಂದರೆ ಬಿದ್ದಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಟೊಳ್ಳಾದ ಮೂಳೆಗೆ ಅಷ್ಟೇ ಸಾಕು. ಇನ್ನು 60 ದಾಟಿದ ಗಂಡಸು, ಅದರಲ್ಲೂ ಸಿಗರೇಟು ಸೇದುವವರು, ಮೊದಲ ಸಲ ಜೋರು ಬೆನ್ನುನೋವು ಅಂತ ಬೆವರುತ್ತಾ ಬಂದರೆ ಹೊಟ್ಟೆಯ ಮೇಲೂ ಕೈ ಇಡಿ, ಮಹಾಧಮನಿ ಉಬ್ಬಿ ಸೋರುತ್ತಿರಬಹುದು.

ಪರೀಕ್ಷೆಗೆ ಮೂರು ನಿಮಿಷ ಸಾಕು. ಒಳಗೆ ಬರುವಾಗಲೇ ನಡಿಗೆ ನೋಡಿ. ತುದಿಗಾಲಲ್ಲಿ ನಾಲ್ಕು ಹೆಜ್ಜೆ, ಹಿಮ್ಮಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿಸಿ. ತುದಿಗಾಲು ಆಗದಿದ್ದರೆ ಬೆನ್ನಿನಿಂದ ಕಾಲಿಗೆ ಹೋಗುವ ಎಸ್1 ನರ, ಹಿಮ್ಮಡಿಯಲ್ಲಿ ಆಗದಿದ್ದರೆ ಎಲ್4 ಅಥವಾ ಎಲ್5 ನರ. ಮಲಗಿಸಿ ಕಾಲು ನೆಟ್ಟಗೆ ಎತ್ತಿ. 30ರಿಂದ 70 ಡಿಗ್ರಿ ನಡುವೆ ಮಂಡಿಯ ಕೆಳಗೂ ಸೆಳೆತ ಹೋದರೆ ಮಾತ್ರ ಅದು ಪಾಸಿಟಿವ್. ತೊಡೆಯ ಹಿಂದೆ ಎಳೆದಂತಾಗುವುದು ನಮಗೆ ನಿಮಗೆ ಎಲ್ಲರಿಗೂ ಆಗುತ್ತದೆ. ಕಾಲಿನ ಹೆಬ್ಬೆರಳು ಮೇಲಕ್ಕೆ ಎತ್ತಿಸಿ ನಿಮ್ಮ ಬೆರಳಲ್ಲಿ ತಡೆಯಿರಿ, ಮಂಡಿ ಮತ್ತು ಹಿಮ್ಮಡಿಯ ರಿಫ್ಲೆಕ್ಸ್ ಹೊಡೆಯಿರಿ. ಮುಗಿಯಿತು.

ಈಗ ಸ್ಕ್ಯಾನಿನ ಮಾತು. ಅಪಾಯದ ಗುರುತು ಇಲ್ಲ, ಕಾಲಿನ ಶಕ್ತಿ ಸರಿ ಇದೆ ಅಂದಮೇಲೆ ಮೊದಲ 6 ವಾರ ಯಾವ ಚಿತ್ರವೂ ಬೇಡ. ರೋಗಿ ಕೇಳುತ್ತಾರೆ, ಅವರ ಮಗ ಇನ್ನೂ ಜೋರಾಗಿ ಕೇಳುತ್ತಾನೆ. ಅವರಿಗೆ ಹೇಳಲು ಒಂದು ಒಳ್ಳೆಯ ಲೆಕ್ಕ ಇದೆ. 2015ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯಲ್ಲಿ ಬೆನ್ನುನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ್ದರು. 20 ವರ್ಷದವರಲ್ಲೇ 37%ರಷ್ಟು ಜನರಿಗೆ ಡಿಸ್ಕ್ (ಬೆನ್ನುಮಣಿಗಳ ನಡುವಿನ ಮೆತ್ತೆ) ಸವೆತ ಕಂಡಿತ್ತು, 80 ವರ್ಷದವರಲ್ಲಿ 96% ಜನರಿಗೆ. ಡಿಸ್ಕ್ ಉಬ್ಬಿದ್ದು 20 ವರ್ಷದವರಲ್ಲಿ 30%, 80ರಲ್ಲಿ 84%. ಇವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು. ಹಾಗಾಗಿ ಸ್ಕ್ಯಾನ್ ಮಾಡಿಸಿದರೆ ಏನಾದರೂ ಸಿಕ್ಕೇ ಸಿಗುತ್ತದೆ, ಸಿಕ್ಕಿದ್ದೇ ನೋವಿಗೆ ಕಾರಣ ಅಂತ ಹೇಳಲು ಬರುವುದಿಲ್ಲ.

ಇಲ್ಲಿ ನಮ್ಮ ನಾಲಗೆಯೂ ಸ್ವಲ್ಪ ಹಿಡಿತದಲ್ಲಿರಬೇಕು. "ಮೂಳೆ ಸವೆದುಹೋಗಿದೆ", "ಡಿಸ್ಕ್ ಜಾರಿದೆ", "ನರ ಒತ್ತಿಕೊಂಡಿದೆ", "ಇನ್ನು ಜೀವಮಾನದಲ್ಲಿ ಬಗ್ಗಬೇಡಿ." ಇದನ್ನು ನಾವು ಅರ್ಧ ನಿಮಿಷದಲ್ಲಿ ಹೇಳಿ ಮುಂದಿನ ಚೀಟಿ ಕರೆಯುತ್ತೇವೆ. ಆ ಮನುಷ್ಯ ಹತ್ತು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಾನೆ, ಮಗು ಎತ್ತಲು ಹೆದರುತ್ತಾನೆ. ಡಿಸ್ಕ್ ಏನು ಸೋಪಿನ ಹಾಗೆ ಜಾರುವ ವಸ್ತು ಅಲ್ಲ, ಮೇಲೆ ಕೆಳಗೆ ಮೂಳೆಗೆ ಭದ್ರವಾಗಿ ಅಂಟಿಕೊಂಡಿರುತ್ತದೆ. ನಾನು ಈಗ ಹೇಳುವುದು ಹೀಗೆ: "ವಯಸ್ಸಾದ ಹಾಗೆ ಕೂದಲು ನೆರೆಯುತ್ತೆ, ಒಳಗೂ ಹಾಗೇ ಆಗಿದೆ. ನಿಮ್ಮ ಬೆನ್ನು ಗಟ್ಟಿಯಾಗಿಯೇ ಇದೆ, ಈಗ ಸಿಟ್ಟಾಗಿದೆ ಅಷ್ಟೇ. ನೋವಾದರೆ ಹಾನಿ ಆಯಿತು ಅಂತಲ್ಲ. ಮೆಲ್ಲಗೆ ಓಡಾಡಿ." ನಗುತ್ತಾರೆ, ನಕ್ಕ ಮೇಲೆ ಸ್ವಲ್ಪ ಸಲೀಸಾಗಿ ಬಗ್ಗುತ್ತಾರೆ ಕೂಡ.

ಚಿಕಿತ್ಸೆ? ಹಾಸಿಗೆ ಹಿಡಿಸಬೇಡಿ. ಎದ್ದು ಓಡಾಡಿದವರೇ ಬೇಗ ಸುಧಾರಿಸುತ್ತಾರೆ. ಬಿಸಿ ಶಾಖ ಕೊಟ್ಟರೆ ಹಾಯೆನಿಸುತ್ತದೆ. ಹೊಟ್ಟೆ, ಕಿಡ್ನಿ, ಹೃದಯ ಚೆನ್ನಾಗಿದ್ದರೆ ಐಬುಪ್ರೊಫೇನ್ ಅಥವಾ ನ್ಯಾಪ್ರಾಕ್ಸೆನ್ ಕೆಲವೇ ದಿನ. ಪ್ಯಾರಾಸಿಟಮಾಲ್ ಒಂದೇ ಕೊಟ್ಟರೆ ಹೊಸ ಬೆನ್ನುನೋವಿಗೆ ಬರೀ ಸಕ್ಕರೆ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ ಅಂತ 2014ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಟ್ರಯಲ್ ತೋರಿಸಿತು. 2023ರಲ್ಲಿ ಅಲ್ಲಿಯದೇ ಇನ್ನೊಂದು ಟ್ರಯಲ್‌ನಲ್ಲಿ ಒಪಿಯಾಯ್ಡ್ (ಅಫೀಮಿನ ಜಾತಿಯ ನೋವಿನ ಮಾತ್ರೆ) ಕೂಡ ಹಾಗೇ ಸೋತಿತು. ಕಾಲಿಗೆ ಹರಿಯುವ ಸಯಾಟಿಕಾಗೆ ನರದ ನೋವಿನ ಮಾತ್ರೆ ಪ್ರಿಗಾಬಲಿನ್ ಬರೆಯುವ ರೂಢಿ ಎಲ್ಲೆಲ್ಲೂ ಇದೆ, 2017ರ ಟ್ರಯಲ್‌ನಲ್ಲಿ ಅದೂ ನೋವು ಇಳಿಸಲಿಲ್ಲ, ತಲೆಸುತ್ತು ಮಾತ್ರ ಕೊಟ್ಟಿತು. ಸಯಾಟಿಕಾ ಬಹುಪಾಲು ಜನರಿಗೆ 6ರಿಂದ 12 ವಾರದಲ್ಲಿ ತಾನೇ ಇಳಿಯುತ್ತದೆ, ಹೊರಬಂದ ಡಿಸ್ಕ್ ಚೂರನ್ನು ದೇಹವೇ ಕರಗಿಸಿಕೊಳ್ಳುವುದೂ ಉಂಟು. ಕಾಲಿನ ಶಕ್ತಿ ಕುಂದುತ್ತಾ ಹೋದರೆ ಮಾತ್ರ ಕಾಯಬೇಡಿ.

ಒಂದು ಬಗೆಯ ಬೆನ್ನುನೋವು ಈ ಸಾಲಿಗೆ ಸೇರುವುದಿಲ್ಲ. 45ಕ್ಕಿಂತ ಚಿಕ್ಕ ವಯಸ್ಸು, 3 ತಿಂಗಳಿಗೂ ಹೆಚ್ಚು ಕಾಲದಿಂದ ನೋವು, ಬೆಳಗಿನ ಜಾವ ಎಚ್ಚರ, ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ. ಇಂಥವರಿಗೆ ಹಿಂದೆ ಕಣ್ಣು ಕೆಂಪಾಗಿ ನೋವಾಗಿತ್ತಾ, ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಇದೆಯಾ ಅಂತ ಕೇಳಿ. ಸ್ಪಾಂಡಿಲೋಆರ್ಥ್ರೈಟಿಸ್ ಇದು, ಬೆನ್ನುಮೂಳೆಯ ಕೀಲುಗಳ ಉರಿಯೂತ. ವರ್ಷಗಟ್ಟಲೆ "ಜಿಮ್‌ನಲ್ಲಿ ಉಳುಕಿದ್ದು" ಅಂತ ತಿರುಗಾಡುತ್ತಿರುತ್ತಾರೆ ಪಾಪ.

ಕತ್ತು ಮತ್ತು ಭುಜ

ಕತ್ತುನೋವಿಗೆ ಬೆನ್ನಿನ ಮಾತೇ ಅನ್ವಯ, ಕಾಲರ್ ಹಾಕಿಸಬೇಡಿ. ಒಂದನ್ನು ಮಾತ್ರ ಮರೆಯಬೇಡಿ: "ಗುಂಡಿ ಹಾಕಲು ಕಷ್ಟ, ಅಕ್ಷರ ಕೆಟ್ಟಿದೆ, ನಡೆಯುವಾಗ ತೂರಾಡಿದ ಹಾಗೆ" ಅಂದರೆ ಕತ್ತಿನಲ್ಲಿ ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ಇದರಲ್ಲಿ ನೋವು ಹೆಚ್ಚೇನೂ ಇರದೆಯೂ ಇರಬಹುದು, ಅದೇ ಮೋಸ. ರಿಫ್ಲೆಕ್ಸ್ ಚುರುಕಾಗಿದ್ದರೆ ಬೇಗ ಕಳಿಸಿ.

ಭುಜಕ್ಕೆ ಹತ್ತಾರು ಟೆಸ್ಟುಗಳಿವೆ, ಒಂದೊಂದಕ್ಕೂ ಒಬ್ಬೊಬ್ಬ ಡಾಕ್ಟರ ಹೆಸರು. ನನಗೆ ಒಂದು ಸಾಕು. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, 90 ಡಿಗ್ರಿ ಮಡಚಿಸಿ, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿಸಲು ಹೇಳಿ. ಅವರಿಗೆ ಆಗದಿದ್ದರೆ ನೀವೇ ಹಿಡಿದು ತಿರುಗಿಸಿ. ನೀವು ತಿರುಗಿಸಿದರೂ ಹೋಗದೆ ಬಿಗಿಯಾಗಿ ನಿಂತರೆ ಕೀಲೇ ಹಿಡಿದಿದೆ, 40ರಿಂದ 60 ವಯಸ್ಸಿನವರಲ್ಲಿ ಅದು ಸಾಮಾನ್ಯವಾಗಿ ಫ್ರೋಜನ್ ಶೋಲ್ಡರ್. ಅಂಥವರಿಗೆಲ್ಲ ಸಕ್ಕರೆ ಪರೀಕ್ಷೆ ಮಾಡಿಸಿ, ಡಯಾಬಿಟಿಸ್ ಇದ್ದವರಿಗೆ ಇದು ಬರುವುದು ಜಾಸ್ತಿ. ಇನ್ನೂ ಎಕ್ಸ್‌ರೇ ಆಗಿಲ್ಲದಿದ್ದರೆ ಒಂದು ತೆಗೆಸಿ, ಯಾಕೆಂದರೆ ಸವೆದ ಕೀಲು ಮತ್ತು ಹಿಂದಕ್ಕೆ ಜಾರಿಕೊಂಡ ಕೀಲೂ ಇದೇ ಥರ ಬಿಗಿಯುತ್ತವೆ. ನೀವು ತಿರುಗಿಸಿದರೆ ಸಲೀಸಾಗಿ ಹೋಗಿ, ಅವರು ತಾವಾಗಿ ಕೈ ಎತ್ತುವಾಗ ಮಾತ್ರ ನಡುವೆ 60ರಿಂದ 120 ಡಿಗ್ರಿಯಲ್ಲಿ ಚುರುಕ್ ಅಂದರೆ ಅದು ರೊಟೇಟರ್ ಕಫ್, ಭುಜದ ಕೀಲನ್ನು ಸುತ್ತಿಕೊಂಡ ಟೆಂಡನ್ನುಗಳು. ಬಿದ್ದ ಮರುದಿನದಿಂದ ಕೈ ಎತ್ತಲೇ ಆಗುತ್ತಿಲ್ಲ ಅಂದರೆ ಕಫ್ ಹರಿದಿರಬಹುದು, ಅದನ್ನು ತಡ ಮಾಡಬೇಡಿ.

ಫ್ರೋಜನ್ ಶೋಲ್ಡರ್ ಇದ್ದವರಿಗೆ ನಿಜ ಹೇಳಿಬಿಡಿ. ಒಂದರಿಂದ ಮೂರು ವರ್ಷ ಎಳೆಯುತ್ತದೆ, ಆದರೆ ಹೆಚ್ಚಿನವರಿಗೆ ಬಿಡುತ್ತದೆ. ಮೊದಲ ತಿಂಗಳುಗಳ ವಿಪರೀತ ನೋವಿನಲ್ಲಿ ಕೀಲಿನೊಳಗೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ನಿದ್ದೆ ವಾಪಸ್ ಕೊಡುತ್ತದೆ (ಸಕ್ಕರೆ ಕೆಲವು ದಿನ ಏರುತ್ತದೆ, ಮೊದಲೇ ಹೇಳಿ). ಆ ಹಂತದಲ್ಲಿ ಜೋರಾಗಿ ಎಳೆದು ವ್ಯಾಯಾಮ ಮಾಡಿಸುವುದು ಹಿಂಸೆ, ಲಾಭ ಇಲ್ಲ.

ಭುಜ ಮುಟ್ಟಿದರೂ ನೋವಿಲ್ಲ, ತಿರುಗಿಸಿದರೂ ನೋವಿಲ್ಲ, ಆದರೂ ನೋವು ಅಂತಾರಾ? ಹೃದಯ, ಪಿತ್ತಕೋಶ, ಶ್ವಾಸಕೋಶದ ತುದಿ ನೆನಪಿಸಿಕೊಳ್ಳಿ. 50 ದಾಟಿದವರಿಗೆ ಎರಡೂ ಭುಜ ಒಟ್ಟಿಗೆ ಹಿಡಿದು, ಬೆಳಿಗ್ಗೆ ಹಾಸಿಗೆಯಿಂದ ಏಳಲು ಮನೆಯವರ ಕೈ ಬೇಕಾದರೆ ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್ಆರ್, ಸಿಆರ್‌ಪಿ ಮಾಡಿಸಿ, ಪಾಲಿಮಯಾಲ್ಜಿಯಾ (ಭುಜ, ಹಿಪ್ ಸುತ್ತಲಿನ ಉರಿಯೂತ) ಇರಬಹುದು. ಅವರಿಗೆ ಹೊಸ ತಲೆನೋವು, ಜಗಿಯುವಾಗ ದವಡೆ ನೋವು, ಕಣ್ಣು ಮಂಜು ಇದೆಯಾ ಅಂತ ಕೇಳಲೇಬೇಕು. ಇದ್ದರೆ ತಲೆಯ ರಕ್ತನಾಳಕ್ಕೂ ಉರಿಯೂತ ಹತ್ತಿರಬಹುದು, ಸ್ಟಿರಾಯ್ಡ್ ಅವತ್ತೇ ಶುರುವಾಗಬೇಕು, ಇಲ್ಲದಿದ್ದರೆ ದೃಷ್ಟಿಯೇ ಹೋಗಬಹುದು.

ಮೊಣಕೈ, ಮಣಿಕಟ್ಟು

ಟೆನಿಸ್ ಎಲ್ಬೋ ಬಗ್ಗೆ ಹೇಳುವುದು ಕಡಿಮೆ. ಮೊಣಕೈ ಹೊರಗಿನ ಗಂಟಿನ ಮೇಲೆ ನೋವು, ಮಣಿಕಟ್ಟನ್ನು ಮೇಲಕ್ಕೆತ್ತಿಸಿ ತಡೆದರೆ ಜಾಸ್ತಿ. ಒಂದು ವರ್ಷದೊಳಗೆ ಬಹುತೇಕ ತಾನೇ ಹೋಗುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಆರು ವಾರಕ್ಕೆ ನಿಮ್ಮನ್ನು ದೇವರು ಅಂತಾರೆ, ವರ್ಷಕ್ಕೆ ನೋಡಿದರೆ ಕೊಡದವರಿಗಿಂತ ಕೆಟ್ಟಿರುತ್ತದೆ. ಇದು ಟ್ರಯಲ್‌ಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಕೈ ತಡೆದುಕೊಳ್ಳಿ.

ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುತ್ತದೆ ಅಂದರೆ ಕಾರ್ಪಲ್ ಟನಲ್, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದು. ಕಿರುಬೆರಳು ಸೇರುತ್ತಾ ಅಂತ ಕೇಳಿ. ಅದಕ್ಕೆ ಬೇರೆ ನರ, ಹಾಗಾಗಿ ಇಲ್ಲಿ ಅದು ತಪ್ಪಿಸಿಕೊಂಡಿರುತ್ತದೆ. ಮಣಿಕಟ್ಟು ನೆಟ್ಟಗಿಡುವ ಸ್ಪ್ಲಿಂಟ್ ರಾತ್ರಿ ಹೊತ್ತು 6 ವಾರ ಹಾಕಿಸಿ. ಥೈರಾಯ್ಡ್, ಸಕ್ಕರೆ, ಬಸಿರು ಇವನ್ನು ವಿಚಾರಿಸಿ. ಹೆಬ್ಬೆರಳಿನ ಬುಡದ ದಿಂಡು ಕರಗಿದ್ದರೆ ಸ್ಪ್ಲಿಂಟ್ ಸಾಲದು, ಸರ್ಜನ್ ನೋಡಲಿ. ಹೊಸ ಬಾಣಂತಿಗೆ ಹೆಬ್ಬೆರಳ ಕಡೆಯ ಮಣಿಕಟ್ಟು ನೋವಾದರೆ ಡಿ ಕ್ವರ್ವೇನ್ಸ್ (ಹೆಬ್ಬೆರಳ ಟೆಂಡನ್ನಿನ ತೊಂದರೆ), ಮಗು ಎತ್ತಿ ಎತ್ತಿ ಬಂದದ್ದು. ಅದಕ್ಕೆ ಮಾತ್ರ ಇಂಜೆಕ್ಷನ್ ಚೆನ್ನಾಗಿ ಹಿಡಿಯುತ್ತದೆ.

ಕೈ ಊರಿ ಬಿದ್ದು ಬಂದವರ ಬಗ್ಗೆ ನನ್ನ ತಪ್ಪೊಂದನ್ನು ಹೇಳಬೇಕು. ಒಬ್ಬ ಹುಡುಗ ಬೈಕಿನಿಂದ ಬಿದ್ದು ಬಂದಿದ್ದ, ಎಕ್ಸ್‌ರೇ ಚೆನ್ನಾಗಿತ್ತು, ಉಳುಕು ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದೆ. ಎರಡು ತಿಂಗಳ ಮೇಲೆ ಬಾಟಲಿ ಮುಚ್ಚಳ ತೆಗೆಯಲು ಆಗದೆ ವಾಪಸ್ ಬಂದ. ಮಣಿಕಟ್ಟಿನ ಸಣ್ಣ ಮೂಳೆ ಸ್ಕೇಫಾಯ್ಡ್ ಮುರಿದಿತ್ತು, ಕೂಡಿರಲಿಲ್ಲ. ಹೆಬ್ಬೆರಳನ್ನು ಚಾಚಿದಾಗ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ನೋವಿದ್ದರೆ ಎಕ್ಸ್‌ರೇ ಏನೇ ಹೇಳಲಿ, ಸ್ಪ್ಲಿಂಟ್ ಹಾಕಿ, 10ರಿಂದ 14 ದಿನಕ್ಕೆ ಮತ್ತೆ ಕರೆಸಿ ಚಿತ್ರ ತೆಗೆಸಿ. ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಮುರಿತ ಕಾಣದೇ ಇರುವುದು ಮಾಮೂಲು. ಆ ಗುಳಿಯ ಮೇಲೆ ನಾನು ಅವತ್ತು ಬೆರಳೇ ಇಟ್ಟಿರಲಿಲ್ಲ.

ಹಿಪ್ ಮತ್ತು ಮಂಡಿ

ಮಂಡಿ ನೋವು ಅಂತ ಬಂದವರ ಹಿಪ್ ತಿರುಗಿಸದೆ ಕಳಿಸಬೇಡಿ. ಹಿಪ್ಪಿನ ನೋವು ಮಂಡಿಗೆ ಹರಿಯುತ್ತದೆ. ಮಲಗಿಸಿ, ಮಂಡಿ ಮಡಚಿ, ಪಾದವನ್ನು ಹೊರಗೆ ತಳ್ಳಿದರೆ ತೊಡೆ ಒಳಕ್ಕೆ ತಿರುಗುತ್ತದೆ. ಇದು ಕಡಿಮೆಯಾಗಿ ತೊಡೆಸಂದಿನಲ್ಲಿ ನೋವಾದರೆ ತಕರಾರು ಹಿಪ್ಪಿನದು. ಮಕ್ಕಳಲ್ಲಂತೂ ಇದು ಜೀವ ಉಳಿಸುವ ಟೆಸ್ಟ್ ಅಂತಲೇ ಅನ್ನುತ್ತೇನೆ, ಜೀವ ಅಲ್ಲದಿದ್ದರೂ ಕೀಲು ಖಂಡಿತ. 10ರಿಂದ 15 ವರ್ಷದ ದಪ್ಪಗಿನ ಹುಡುಗ ವಾರಗಟ್ಟಲೆ ಮಂಡಿ ನೋವು ಅಂತ ಕುಂಟುತ್ತಿದ್ದರೆ ತೊಡೆಮೂಳೆಯ ತಲೆ ಜಾರಿರಬಹುದು. ಮಂಡಿಯ ಎಕ್ಸ್‌ರೇ ಸರಿಯಾಗಿಯೇ ಇರುತ್ತದೆ. ಎರಡೂ ಹಿಪ್‌ನ ಎಕ್ಸ್‌ರೇ, ನೇರ ಮತ್ತು ಕಪ್ಪೆಕಾಲಿನ ಭಂಗಿಯಲ್ಲಿ ತೆಗೆಸಿ. ಜಾರಿದ್ದು ಕಂಡರೆ ಕಾಲು ಊರಿಸಬೇಡಿ, ವೀಲ್‌ಚೇರಿನಲ್ಲಿ ಕೂರಿಸಿ ಅವತ್ತೇ ಕಳಿಸಿ. 4ರಿಂದ 8 ವರ್ಷದವರು ಕುಂಟಿದರೆ ಪರ್ಥಿಸ್ (ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಕೆಡುವುದು) ನೆನಪಿರಲಿ. ಜ್ವರ ಇದ್ದು ಕಾಲೇ ಊರದ ಮಗು ಯಾವ ವಯಸ್ಸಿನದಾದರೂ ತುರ್ತು.

ದೊಡ್ಡವರಲ್ಲಿ ಹಿಪ್‌ನ ಹೊರಬದಿ ನೋವು, ಆ ಮಗ್ಗುಲು ಮಲಗಲು ಆಗದಿರುವುದು, ಹೆಂಗಸರಲ್ಲಿ ಜಾಸ್ತಿ. ಹೆಚ್ಚಾಗಿ ಇದು ಕುಂಡೆಯ ಸ್ನಾಯುವಿನ ಟೆಂಡನ್. ಕಾಲ ಮೇಲೆ ಕಾಲು ಹಾಕಿ ಕೂರಬೇಡಿ, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಬೇಡಿ, ಮಲಗುವಾಗ ಎರಡು ಕಾಲ ನಡುವೆ ದಿಂಬು ಇಡಿ ಅನ್ನಿ. ಜೊತೆಗೆ ಫಿಸಿಯೋ ವ್ಯಾಯಾಮ. 2018ರ ಒಂದು ಟ್ರಯಲ್‌ನಲ್ಲಿ ಇಂಜೆಕ್ಷನ್ನಿಗಿಂತ ಇದೇ ಮೇಲಾಗಿತ್ತು.

ಮಂಡಿ ಸವೆತಕ್ಕೆ ವಾಪಸ್ ಬರೋಣ. 45 ದಾಟಿದವರು, ಓಡಾಡಿದರೆ ನೋವು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ ಕೊಟ್ಟ ಮಾರ್ಗಸೂಚಿ ಪ್ರಕಾರ ಇಷ್ಟಿದ್ದರೆ ಎಕ್ಸ್‌ರೇ ಇಲ್ಲದೆಯೇ ಅಸ್ಥಿಸಂಧಿವಾತ ಅಂತ ಹೇಳಬಹುದು. ಎಕ್ಸ್‌ರೇಯಲ್ಲಿ ಎಷ್ಟು ಸವೆದಿದೆ ಅನ್ನುವುದಕ್ಕೂ ಎಷ್ಟು ನೋಯುತ್ತದೆ ಅನ್ನುವುದಕ್ಕೂ ಲೆಕ್ಕ ಕೂಡುವುದೇ ಇಲ್ಲ. ಇಲ್ಲಿ ಔಷಧ ಅಂದರೆ ತೊಡೆಯ ಸ್ನಾಯು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, 8ರಿಂದ 10 ಸಲ, ದಿನಕ್ಕೆ ಎರಡು ಹೊತ್ತು, ನಿಮ್ಮ ಮುಂದೆಯೇ ಒಂದು ಸಲ ಮಾಡಿಸಿ ಕಳಿಸಿ. ಬಾಯಲ್ಲಿ "ವ್ಯಾಯಾಮ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. ಶುರುವಿನಲ್ಲಿ ನೋವು ಸ್ವಲ್ಪ ಏರುತ್ತದೆ, ಮರುದಿನಕ್ಕೆ ಮೊದಲಿನ ಮಟ್ಟಕ್ಕೆ ಇಳಿದರೆ ತೊಂದರೆ ಇಲ್ಲ. ತೂಕದ ಮಾತು ಹೇಳುವಾಗ ಬೈಯಬೇಡಿ, ಲೆಕ್ಕ ಕೊಡಿ: ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು 4 ಕಿಲೋ ಭಾರ ಇಳಿಯುತ್ತದೆ. ನೋವಿಗೆ ಮೊದಲು ಡೈಕ್ಲೊಫೆನಾಕ್ ಜೆಲ್ ಹಚ್ಚಲಿ, ಮಾತ್ರೆ ಆಮೇಲೆ. ದೂರ್ಬೀನು ಹಾಕಿ ಮಂಡಿ ತೊಳೆಸುವುದು ಬೇಡ. 2002ರಲ್ಲಿ ಅಮೆರಿಕದಲ್ಲಿ ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿ ಕಳಿಸಿ, ಉಳಿದವರಿಗೆ ನಿಜವಾದ ಆಪರೇಷನ್ ಮಾಡಿ ಎರಡು ವರ್ಷ ಹೋಲಿಸಿ ನೋಡಿದರು. ವ್ಯತ್ಯಾಸವೇ ಇರಲಿಲ್ಲ.

ಬಿಸಿಯಾಗಿ, ಕೆಂಪಾಗಿ ಊದಿದ ಒಂದೇ ಕೀಲು ಬಂದರೆ ಕಥೆಯೇ ಬೇರೆ. ಬೇರೆ ಏನೋ ಅಂತ ಸಾಬೀತಾಗುವವರೆಗೆ ಅದು ಕೀವು ಅಂತಲೇ ತಿಳಿಯಿರಿ. ಜ್ವರ ಇಲ್ಲದೆಯೂ ಬರುತ್ತದೆ. ನೀರು ತೆಗೆದು ಪರೀಕ್ಷೆಗೆ ಕಳಿಸುವ ಮುಂಚೆ ಆಂಟಿಬಯಾಟಿಕ್ ಕೊಟ್ಟರೆ ಮುಂದಿನ ಡಾಕ್ಟರಿಗೆ ಕಣ್ಣು ಕಟ್ಟಿದ ಹಾಗೆ. ಕಾಲಿನ ಹೆಬ್ಬೆರಳ ಬುಡದಲ್ಲಿ ರಾತ್ರೋರಾತ್ರಿ ಎದ್ದ ನೋವು, ಹಿಂದೆಯೂ ಹೀಗೇ ಬಂದು ಹೋಗಿದ್ದರೆ ಗೌಟ್ (ಕೀಲಿನಲ್ಲಿ ಯೂರಿಕ್ ಆಸಿಡ್ ಹರಳುಗಟ್ಟುವುದು) ಅನ್ನಬಹುದು. ನೋವು ಇರುವಾಗ ಯೂರಿಕ್ ಆಸಿಡ್ ನಾರ್ಮಲ್ ಬರಬಹುದು, ಎರಡು ವಾರ ಬಿಟ್ಟು ಮತ್ತೆ ನೋಡಿ. ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಈಗಾಗಲೇ ತಿನ್ನುತ್ತಿದ್ದರೆ ನಿಲ್ಲಿಸಬೇಡಿ.

ಪಾದ

ಉಳುಕಿದ ಪಾದಕ್ಕೆಲ್ಲ ಎಕ್ಸ್‌ರೇ ಬೇಕಾಗಿಲ್ಲ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಮಾಡಿದ ನಿಯಮ ಕೈಯಲ್ಲಿದೆ. ಪಾದದ ಎರಡೂ ಬದಿಯ ಗಿಣ್ಣುಮೂಳೆಯ ಹಿಂಬದಿ ಅಂಚಿನಲ್ಲಿ, ಕೆಳಗಿನ 6 ಸೆಂಟಿಮೀಟರ್ ಒಳಗೆ ಒತ್ತಿ. ಕಿರುಬೆರಳ ಸಾಲಿನ ಮೂಳೆಯ ಬುಡ ಒತ್ತಿ, ಒಳಬದಿಯ ನವಿಕ್ಯುಲರ್ ಮೂಳೆ ಒತ್ತಿ. ಎಲ್ಲೂ ಮೂಳೆ ನೋವಿಲ್ಲ, ಬಿದ್ದ ಕೂಡಲೇ ಅಥವಾ ಈಗ ನಿಮ್ಮ ಮುಂದೆ ಕುಂಟಿಕೊಂಡಾದರೂ 4 ಹೆಜ್ಜೆ ಹಾಕಲು ಆಗಿದೆ ಅಂದರೆ ಮುರಿತ ಇರುವ ಸಾಧ್ಯತೆ ತೀರಾ ಕಡಿಮೆ. ಕುಡಿದು ಬಂದವರಿಗೆ, ಪಾದದ ಸ್ಪರ್ಶವೇ ಇಲ್ಲದವರಿಗೆ ಈ ನಿಯಮ ನಡೆಯುವುದಿಲ್ಲ.

ಆಡುವಾಗ ಹಿಂದಿನಿಂದ ಯಾರೋ ಒದ್ದ ಹಾಗಾಯಿತು ಅಂದರೆ ಬೋರಲು ಮಲಗಿಸಿ ಮೀನಖಂಡ ಹಿಸುಕಿ. ಪಾದ ಅಲ್ಲಾಡದಿದ್ದರೆ ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ ಹರಿದಿದೆ. ನಡೆಯಬಲ್ಲರು, ಬೆರಳೂ ಆಡಿಸಬಲ್ಲರು, ಅದಕ್ಕೇ ಉಳುಕು ಅಂತ ತಪ್ಪಿಹೋಗುತ್ತದೆ. ಏನೂ ಪೆಟ್ಟಿಲ್ಲದೆ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯಾ ನೋಡಿ, ಮಸಾಜ್ ಬರೆಯಬೇಡಿ. ಇನ್ನು ಬೆಳಿಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುವವರು: ಎಕ್ಸ್‌ರೇಯಲ್ಲಿ ಕಾಣುವ ಮುಳ್ಳಿಗೆ ಬೆಲೆ ಕೊಡಬೇಡಿ, ನೋವಿಲ್ಲದವರಿಗೂ ಅದು ಇರುತ್ತದೆ. ಹಾಸಿಗೆ ಬಿಡುವ ಮುಂಚೆ ಕಾಲ್ಬೆರಳುಗಳನ್ನು ಮೇಲಕ್ಕೆ ಎಳೆದು ಹಿಡಿಯುವುದು, ಮೆತ್ತಗಿನ ಚಪ್ಪಲಿ, ತಾಳ್ಮೆ.

ಚೀಟಿ ಬರೆಯುವ ಮುಂಚೆ

ನೋವಿನ ಮಾತ್ರೆ ಬರೆಯುವ ಕೈ ಒಂದು ಕ್ಷಣ ನಿಲ್ಲಲಿ. ಬಿಪಿಗೆ ಏನು ತಿನ್ನುತ್ತಾರೆ? ಎನಾಲಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಥರದ್ದು, ಜೊತೆಗೆ ನೀರಿನ ಮಾತ್ರೆ, ಅದರ ಮೇಲೆ ನೀವು ಡೈಕ್ಲೊಫೆನಾಕ್ ಬರೆದರೆ ಮೂರೂ ಸೇರಿ ಕಿಡ್ನಿಯನ್ನು ಕೆಡಿಸುತ್ತವೆ, ಅದರಲ್ಲೂ ವಾಂತಿ ಭೇದಿ ಆದ ವಾರದಲ್ಲಿ. ಹೃದಯದ ಕಾಯಿಲೆ ಇದ್ದವರಿಗೆ ಡೈಕ್ಲೊಫೆನಾಕ್ ಮಾತ್ರೆ ಬೇಡವೇ ಬೇಡ. ಅಲ್ಸರ್ ಆಗಿದ್ದವರು, ರಕ್ತ ತೆಳು ಮಾಡುವ ಮಾತ್ರೆಯವರು, ಬಸುರಿಯ ಎರಡನೇ ಅರ್ಧ, ಇಲ್ಲೆಲ್ಲ ಬೇರೆ ದಾರಿ ನೋಡಿ. ಈಗಾಗಲೇ ಅಂಗಡಿಯಿಂದ ಏನು ತಂದು ನುಂಗುತ್ತಿದ್ದಾರೆ ಅಂತಲೂ ಕೇಳಿ. ಬೇರೆ ಬೇರೆ ಹೆಸರಿನಲ್ಲಿ ಒಂದೇ ಔಷಧ ಎರಡೆರಡು ಹೊಟ್ಟೆಗೆ ಹೋಗುತ್ತಿರುತ್ತದೆ. ಬಿ12 ಇಂಜೆಕ್ಷನ್ ಕೊರತೆ ಇದ್ದವರಿಗೆ ಕೊಡಿ, "ನರಕ್ಕೆ ಶಕ್ತಿ" ಅಂತ ಎಲ್ಲರಿಗೂ ಚುಚ್ಚಬೇಡಿ. ಮೈಯೆಲ್ಲ ನೋವು ಅನ್ನುವವರು ಸ್ಟಾಟಿನ್ (ಕೊಲೆಸ್ಟ್ರಾಲ್ ಮಾತ್ರೆ) ತಿನ್ನುತ್ತಿದ್ದಾರಾ, ಥೈರಾಯ್ಡ್ ಹೇಗಿದೆ, ಕೆಳಗೆ ಕೂತರೆ ಏಳಲು ತೊಡೆ ಸೋಲುತ್ತಾ (ವಿಟಮಿನ್ ಡಿ ತೀರಾ ಇಳಿದರೆ ಹೀಗಾಗುತ್ತದೆ), ಇಷ್ಟು ನೋಡಿಯೇ ಮುಂದೆ ಹೋಗಿ.

ಹೊರಡುವಾಗ ಎರಡು ಸಾಲು ಬರೆದುಕೊಡಿ: ಏನಾದರೆ ಕೂಡಲೇ ಬರಬೇಕು, ಏನೂ ಆಗದಿದ್ದರೆ ಯಾವಾಗ ಬರಬೇಕು. ಬೆನ್ನಿಗೆ ನಾನು 2ರಿಂದ 4 ವಾರ ಕೊಡುತ್ತೇನೆ, 6 ವಾರಕ್ಕೂ ಸುಧಾರಿಸದಿದ್ದರೆ ಶುರುವಿನಿಂದ ಮತ್ತೆ ಪರೀಕ್ಷೆ ಮಾಡುತ್ತೇನೆ, ಹಳೆಯ ಚೀಟಿ ನೋಡಿ ಅದನ್ನೇ ನಕಲು ಮಾಡುವುದಿಲ್ಲ. ಮೊದಲ ಸಲ ಬಂದಾಗಲೇ ಯಾವ ಒಂದು ಕೆಲಸ ಆಗುತ್ತಿಲ್ಲ ಅಂತ ಕೇಳಿ ಬರೆದಿಟ್ಟಿರಿ: ಜಡೆ ಹಾಕುವುದು, ಮೆಟ್ಟಿಲು ಇಳಿಯುವುದು, ಮಗು ಎತ್ತುವುದು. ಎರಡನೇ ಸಲ ಬಂದಾಗ "ನೋವು ಹೇಗಿದೆ" ಅಂದರೆ "ಹಾಗೇ ಇದೆ ಡಾಕ್ಟ್ರೇ" ಅಂತಲೇ ಉತ್ತರ ಬರುತ್ತದೆ. "ಜಡೆ ಹಾಕಿಕೊಳ್ಳಲು ಆಯ್ತಾ?" ಅಂತ ಕೇಳಿ ನೋಡಿ, ಒಂದು ಕ್ಷಣ ಯೋಚಿಸಿ, "ಹಾಂ, ಅದೇನೋ ಈಗ ಆಗುತ್ತೆ" ಅಂತಾರೆ.